ತುಳಿಯದ ಹಿಮ

"ಅಪ್ಪಾವರೇ, ಆರು ವರ್ಷದಿಂದ ಅಕ್ಕನಿಗಾಗಿ ಹಂಬಲಿಸುತ್ತಿದ್ದೇನೆ. ಈ ಹಂಬಲ ಏಕೆ ತೀರುವುದಿಲ್ಲ?" ಎಂದು ಶಿಷ್ಯನೊಬ್ಬ ಮಠದ ಗುರುಗಳನ್ನು ಕೇಳಿದ.

ಸಿಂದಗಿಯಲ್ಲಿರುವ ಅಕ್ಕನೊಡನೆ ಮಾತಿಗೆ ಮಾತು ಬೆಳೆಸಿ, ಮುನಿಸಿಕೊಂಡು ಮಠ ಸೇರಿದವನು ಅವನು. ಅವಳ ನೆನಪಿನಲ್ಲಿ ಅವನು ಕಟ್ಟಿದ ಪದಗಳನ್ನು ಭಜನೆಯವರೆಲ್ಲ ಹಾಡುತ್ತಿದ್ದರು. ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಗುರುಗಳು ಹೇಳಿದರು:

ಉತ್ತರದ ತುದಿಯಲ್ಲಿ ಒಂದು ನಾಡಿದೆ. ಚಳಿಗಾಲದಲ್ಲಿ ಅಲ್ಲಿ ಎರಡು ತಿಂಗಳು ಸೂರ್ಯ ಹುಟ್ಟುವುದೇ ಇಲ್ಲ. ನಡುಮಧ್ಯಾಹ್ನ ಸ್ವಲ್ಪ ಹೊತ್ತು ನೀಲಿ ಬೆಳಕು ಮೂಡುತ್ತದೆ, ಅಷ್ಟೇ. ಆ ಬೆಳಕಿನ ಚಿತ್ರ ತೆಗೆಯಲು ಒಬ್ಬ ಛಾಯಾಗ್ರಾಹಕ ಹೋದ. ಹೆಪ್ಪುಗಟ್ಟಿದ ಕೆರೆಯ ದಡದಲ್ಲಿ, ಒಂದು ಗುಡಿಸಲಿನಲ್ಲಿ ಒಬ್ಬನೇ ಉಳಿದ. ಚಳಿಗೆ ಕ್ಯಾಮೆರಾದ ಬ್ಯಾಟರಿ ಸಾಯುತ್ತದೆಂದು ಅದನ್ನು ಅಂಗಿಯೊಳಗೆ ಎದೆಗೆ ಒತ್ತಿಕೊಂಡು ಕಾಯುತ್ತಿದ್ದ. ಬ್ಯಾಟರಿಯೇನೋ ಬೆಚ್ಚಗಿತ್ತು.

ಎದುರು ದಡದಲ್ಲಿ ಒಬ್ಬ ಮೀನುಗಾರನ ಮನೆ. ದಿನವೂ ಅದೇ ಹೊತ್ತಿಗೆ ಅದರ ಕಿಟಕಿಯಲ್ಲಿ ದೀಪ ಹತ್ತುತ್ತಿತ್ತು. ಅದನ್ನು ಕಂಡಾಗಲೆಲ್ಲ ಛಾಯಾಗ್ರಾಹಕನ ಜೀವ ಚಡಪಡಿಸುತ್ತಿತ್ತು. ಯಾರೊಡನೆಯಾದರೂ ಮಾತನಾಡಿ ವಾರಗಳೇ ಆಗಿದ್ದವು. ಆ ಮನೆಯ ಒಲೆಯ ಮುಂದೆ ಒಂದು ಗಳಿಗೆ ಕೂತರೆ ಸಾಕು ಅನಿಸುತ್ತಿತ್ತು. ಕೆರೆ ದಾಟಲು ಕಾಲು ಗಂಟೆಯೂ ಬೇಡ. ಆದರೆ ಆ ಕೆಲಸದವರಿಗೆ ಒಂದು ನೇಮವಿದೆ: ಚಿತ್ರ ತೆಗೆಯಬೇಕಾದ ಹಿಮದ ಮೇಲೆ ಕಾಲಿಡಬಾರದು. ಒಂದು ಹೆಜ್ಜೆ ಮೂಡಿದರೂ ಚಿತ್ರ ಕೆಟ್ಟಿತು. "ಇವತ್ತು ಇನ್ನೊಂದು ಚಿತ್ರ ತೆಗೆಯೋಣ, ನಾಳೆ ಹೋದರಾಯಿತು" ಎಂದು ದಿನವೂ ಅಂದುಕೊಂಡ. ನಾಳೆ ಎಂದವನ ಮನೆ ಹಾಳು ಎಂಬ ಗಾದೆ ಆ ನಾಡಿನಲ್ಲಿ ಇಲ್ಲವೇನೋ.

ಸೂರ್ಯ ಮರಳಿದ. ಹಿಮ ಕರಗಿತು. ಅವನು ಊರಿಗೆ ಹೊರಟ ದಿನ ಮೀನುಗಾರ ದೋಣಿಯಲ್ಲಿ ಈಚೆ ದಡಕ್ಕೆ ಬಂದ. ಛಾಯಾಗ್ರಾಹಕ ಅವನಿಗೆ ಚಿತ್ರ ತೋರಿಸಿದ. ನೀಲಿ ಹಿಮ, ದೂರದಲ್ಲಿ ಒಂದೇ ದೀಪ. ಮೀನುಗಾರ ಬಹಳ ಹೊತ್ತು ನೋಡಿದ.

"ಇದು ನಮ್ಮಮ್ಮ ಹಚ್ಚಿದ ದೀಪ" ಎಂದ. "ಎದುರು ದಡದಲ್ಲಿ ಒಂಟಿ ಜೀವ ಕಂಡರೆ ಕಿಟಕಿಗೆ ದೀಪ ಇಡುವುದು ನಮ್ಮ ಪದ್ಧತಿ. ಬನ್ನಿ ಎಂದು ಅದರ ಅರ್ಥ. ದಿನವೂ ನಿಮಗೆಂದು ಒಂದು ಬಟ್ಟಲು ಹೆಚ್ಚಿಗೆ ಇಡುತ್ತಿದ್ದಳು."

"ನೀವಾದರೂ ಒಮ್ಮೆ ಬಂದು ಕರೆಯಬಾರದಿತ್ತೆ?"

"ಹೊರಟಿದ್ದೆ. ಅಮ್ಮನೇ ತಡೆದಳು. ಪಾಪ, ಹಿಮ ಕೆಡಬಾರದೆಂದು ಅಷ್ಟು ಜೋಪಾನವಾಗಿ ನಿಂತಿದ್ದಾರೆ, ನೀನು ತುಳಿಯಬೇಡ ಎಂದಳು."

ಛಾಯಾಗ್ರಾಹಕ ಕೈಯಲ್ಲಿದ್ದ ಗಂಟುಮೂಟೆ ಅಲ್ಲೇ ಬಿಟ್ಟು ದೋಣಿಯ ಕಡೆ ನಡೆದ. "ಈಗಲೇ ಬರುತ್ತೇನೆ. ಅವರನ್ನು ನೋಡಬೇಕು."

"ಹಿಮ ಕರಗುವ ಮೊದಲೇ ಹೋಗಿಬಿಟ್ಟಳು" ಎಂದ ಮೀನುಗಾರ.

ಆ ಚಿತ್ರ ಈಗ ಒಂದು ದೊಡ್ಡ ನಗರದಲ್ಲಿ ಗೋಡೆಯ ಮೇಲಿದೆ. ನೋಡಿದವರು ಎಂಥ ಹಂಬಲ ಎಂದು ಕಣ್ಣೊರೆಸಿಕೊಳ್ಳುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕಣ್ಣೊರೆಸಿಕೊಂಡ. "ಅಪ್ಪಾವರೇ, ಇದರ ಮೇಲೂ ಒಂದು ಪದ ಕಟ್ಟುತ್ತೇನೆ" ಎಂದ.

ಗುರುಗಳು ಕೇಳಿದರು: "ಸಿಂದಗಿ ಬಸ್ಸು ಎಷ್ಟು ಹೊತ್ತಿಗೆ, ತಮ್ಮಾ?"