ಗಿಳಿಯ ಬಾಣಂತನ

"ಗುರುಗಳೇ, ನೀವು ನನ್ನದೊಂದು ಸಂದೇಹ ತೀರಿಸಿದರೆ ಸಂಜೆಯೊಳಗೆ ಅದರ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ. ಇದು ಯಾಕೆ?"

ಹೀಗೆ ಕೇಳಿದವನು ಸೋಮಲಿಂಗ. ಅವನು ಮಠಕ್ಕೆ ಬಂದು ಆರು ವರ್ಷವಾಗಿತ್ತು. ಆರು ವರ್ಷದಲ್ಲಿ ಅವನು ಪ್ರಶ್ನೆ ಕೇಳದ ದಿನವಿರಲಿಲ್ಲ, ಗುರುಗಳು ಉತ್ತರ ಹೇಳದ ದಿನವೂ ಇರಲಿಲ್ಲ. ಉತ್ತರ ಸಿಕ್ಕ ಕೂಡಲೇ ಎದೆ ಹಗುರವಾಗುತ್ತಿತ್ತು. ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಹೊಸದೊಂದು ಹುಟ್ಟಿರುತ್ತಿತ್ತು. ಈಚೆಗೆ ಅವನಿಗೆ ಅನ್ನ ಸೇರುತ್ತಿರಲಿಲ್ಲ, ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ. ಉಳಿದ ಶಿಷ್ಯರು ಅವನನ್ನು ದೂರದಿಂದ ಕಂಡರೇ ದಾರಿ ಬದಲಿಸುತ್ತಿದ್ದರು. "ಇದಕ್ಕೊಂದು ಕೊನೆ ಕಾಣದಿದ್ದರೆ ನಾನು ಮಠ ಬಿಟ್ಟು ಹೋಗುತ್ತೇನೆ" ಎಂದೂ ಅವನು ಸೇರಿಸಿದ. ಹಾಗೆ ಹೇಳಿದರೂ ಹೋಗುವುದು ಅವನಿಗೆ ಬೇಕಿರಲಿಲ್ಲ.

ಗುರುಗಳು ಅವನ ಇಳಿದುಹೋದ ಕೆನ್ನೆಯನ್ನು ನೋಡಿದರು. "ಕೂತುಕೋ" ಎಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಈಗ ಹೆರಿಗೆಗಳೆಲ್ಲ ಆಸ್ಪತ್ರೆಯಲ್ಲೇ ಆಗುತ್ತವೆ, ನಿಜ. ಆದರೆ ಮನೆಗೆ ಬಂದ ಬಾಣಂತಿಗೆ ನೀರು ಹಾಕಲು, ಹೊಟ್ಟೆ ಕಟ್ಟಲು, ಮಗುವಿಗೆ ಎಣ್ಣೆ ತೀಡಲು ಆ ಊರಿಗೆ ಅವಳೇ ಬೇಕು. ಅವಳ ಕೈಯಲ್ಲಿ ಬಾಣಂತನ ಮಾಡಿಸಿಕೊಂಡ ಯಾವ ಹೆಂಗಸೂ ಸೊರಗಿದ್ದಿಲ್ಲ. ಆ ಕೈಯ ಮೇಲೆ ಅವಳಿಗೆ ಬಹಳ ಹೆಮ್ಮೆ. ಇರಬೇಕಾದದ್ದೇ.

ಅವಳಿಂದ ಬಾಣಂತನ ಮಾಡಿಸಿಕೊಂಡ ಒಂದು ಮನೆಯವರಿಗೆ ಬೇರೆ ಊರಿಗೆ ವರ್ಗವಾಯಿತು. ಹೊರಡುವಾಗ ಅವರು ತಮ್ಮ ಪಂಜರವನ್ನು ಇವಳಿಗೆ ಕೊಟ್ಟರು. ಒಳಗೆ ಒಂದೇ ಹಕ್ಕಿ. ಪೇಟೆಯಲ್ಲಿ ಲವ್ ಬರ್ಡ್ಸ್ ಎಂದು ಮಾರುತ್ತಾರಲ್ಲ, ಮುಷ್ಟಿಯೊಳಗೆ ಹಿಡಿಸುವ ಸಣ್ಣ ಗಿಳಿ, ಅದು. ಬಲ್ಲವರು ಬಜರಿಗಾರ್ ಅನ್ನುತ್ತಾರೆ. ಅದು ಗಂಡೋ ಹೆಣ್ಣೋ ಕೊಟ್ಟವರಿಗೂ ಗೊತ್ತಿರಲಿಲ್ಲ. ಒಂದು ತಿಂಗಳಾದ ಮೇಲೆ ಗಿಳಿಯೇ ಅದನ್ನು ಹೇಳಿತು. ಪಂಜರದ ಮೂಲೆಯಲ್ಲಿ ಒಂದು ಮೊಟ್ಟೆ ಇತ್ತು.

"ಒಂಟಿ ಹಕ್ಕಿ ಮೊಟ್ಟೆ ಇಡುವುದು ಹೇಗೆ ಗುರುಗಳೇ?" ಎಂದು ಸೋಮಲಿಂಗ ಕೇಳಿದ.

"ಇಡುತ್ತದೆ. ಮರಿಯಾಗುವುದಿಲ್ಲ, ಅಷ್ಟೆ. ನೀನು ಕತೆ ಕೇಳು" ಎಂದರು ಗುರುಗಳು.

ಸೂಲಗಿತ್ತಿಗೆ ಹಿಗ್ಗೋ ಹಿಗ್ಗು. ತನ್ನ ಮನೆಯಲ್ಲೇ ಬಾಣಂತಿ ಇರುವಾಗ ಕೈ ಕಟ್ಟಿ ಕೂರುವ ಹೆಂಗಸಲ್ಲ ಅವಳು. ಮೊದಲು ಬಾಣಂತಿಗೊಂದು ಕೋಣೆ ಬೇಕು. ತೆಂಗಿನ ಚಿಪ್ಪಿನಲ್ಲಿ ಹಳೆಯ ಸೀರೆಯ ಚೂರು ಹಾಸಿ ಪಂಜರದೊಳಗಿಟ್ಟಳು. ಆಮೇಲೆ ಬಿಸಿ ಬೇಕು. ಪಂಜರದ ಪಕ್ಕ ಒಂದು ಬಲ್ಬು ಕಟ್ಟಿ ಹಗಲಿರುಳೂ ಉರಿಯಲು ಬಿಟ್ಟಳು. ಬಾಣಂತಿ ಒಣ ಕಾಳು ತಿನ್ನುವುದುಂಟೇ? ನೆನೆಸಿದ ನವಣೆ, ಮೊಳಕೆ ಕಟ್ಟಿದ ಹೆಸರುಕಾಳು, ಸಬ್ಬಸಿಗೆ ಸೊಪ್ಪು, ಬೇಯಿಸಿದ ಕೋಳಿಮೊಟ್ಟೆಯ ಹಳದಿ, ಎಲ್ಲವನ್ನೂ ಹೊತ್ತುಹೊತ್ತಿಗೆ ಇಟ್ಟಳು. ದಿನಕ್ಕೆರಡು ಸಲ ಗಿಳಿಯನ್ನು ಅಂಗೈಯಲ್ಲಿ ಕೂರಿಸಿಕೊಂಡು ಬೆನ್ನು ನೀವಿದಳು. ಗಿಳಿ ಕಣ್ಣು ಮುಚ್ಚಿ ನೀವಿಸಿಕೊಂಡಿತು.

ಉಳಿದದ್ದು ಮೊಟ್ಟೆ. ಮರಿಯಾಗದ ಮೊಟ್ಟೆಯ ಮೇಲೆ ಕೂತು ಆ ಬಡಜೀವ ಯಾಕೆ ಸವೆಯಬೇಕು ಎಂದು ಅವಳ ಕರುಳು ಚುರ್ ಎಂದಿತು. ಮೆಲ್ಲಗೆ ಕೈ ಹಾಕಿ ಮೊಟ್ಟೆ ತೆಗೆದುಬಿಟ್ಟಳು.

ಒಂದು ದಿನ ಬಿಟ್ಟು ಇನ್ನೊಂದು ಮೊಟ್ಟೆ ಬಂತು. ಅದನ್ನೂ ತೆಗೆದಳು. ಮತ್ತೊಂದು ಬಂತು. ಪುಣ್ಯವಂತೆ, ಫಲವಂತೆ ಎಂದು ನೆರೆಹೊರೆಯವರ ಮುಂದೆ ಹೊಗಳಿದಳು. ಏಳಾಯಿತು, ಒಂಬತ್ತಾಯಿತು. ಹನ್ನೆರಡನೆಯದಕ್ಕೆ ಹೊಗಳಿಕೆ ನಿಂತಿತು. ಗಿಳಿಯ ಎದೆಯ ಮೂಳೆ ಬೆರಳಿಗೆ ಸಿಗತೊಡಗಿತ್ತು. ಬಾಲದ ಗರಿ ಜೋತುಬಿದ್ದಿತ್ತು. ಬಾಣಂತಿ ಸೊರಗಿದರೆ ಆರೈಕೆ ಸಾಲದು ಎಂದೇ ಅರ್ಥ. ಮೂವತ್ತು ವರ್ಷದಿಂದ ಅವಳು ಕಂಡಿದ್ದು ಅದನ್ನೇ. ಹಾಗಾಗಿ ಆರೈಕೆ ಹೆಚ್ಚಿಸಿದಳು. ದೊಡ್ಡ ಬಲ್ಬು ಬಂತು. ಚಿಪ್ಪಿಗೆ ಹತ್ತಿ ಬಂತು. ಗಿಳಿಗೆ ಮೊಟ್ಟೆಯ ಮೇಲೆ ಮೊಟ್ಟೆ ಬಂತು.

ಸೂಲಗಿತ್ತಿಗೆ ದಿಕ್ಕು ತೋಚಲಿಲ್ಲ. ಕೊಟ್ಟದ್ದೆಲ್ಲ ಒಳ್ಳೆಯದೇ. ಮಾಡಿದ್ದೆಲ್ಲ ಗೊತ್ತಿದ್ದದ್ದೇ. ಆದರೂ ಜೀವ ಕಣ್ಣೆದುರಿಗೇ ಕರಗುತ್ತಿದೆ. ತನ್ನ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು. ಇದು ಅದೇ ಕೈಯೇ ಎಂದು ಅವಳಿಗೆ ಅನುಮಾನ ಬಂತು.

ಒಂದು ಬೆಳಿಗ್ಗೆ ಗಿಳಿ ಪಂಜರದ ತಳದಲ್ಲಿ ಮೈ ಉಬ್ಬಿಸಿಕೊಂಡು ಕೂತಿತ್ತು. ಮೊಟ್ಟೆ ಒಳಗೇ ಸಿಕ್ಕಿಕೊಂಡಿತ್ತು. ಗಿಳಿ ತಿಣುಕುತ್ತಿತ್ತು, ಮೊಟ್ಟೆ ಬರುತ್ತಿರಲಿಲ್ಲ. ಇಂಥದ್ದು ಸೂಲಗಿತ್ತಿಗೆ ಹೊಸದಲ್ಲ. ಬಿಸಿನೀರಿನ ಪಾತ್ರೆಗಳನ್ನು ಸುತ್ತ ಇಟ್ಟು, ಮೇಲೆ ಬಟ್ಟೆ ಹೊದಿಸಿ, ಹಬೆ ಕೊಟ್ಟು ಕಾದಳು. ಹೊತ್ತು ಏರುವಷ್ಟರಲ್ಲಿ ಮೊಟ್ಟೆ ಹೊರಬಂತು. ಅದಕ್ಕೆ ಗಟ್ಟಿ ಸಿಪ್ಪೆಯೇ ಇರಲಿಲ್ಲ, ಬರೀ ತೊಗಲಿನಂಥ ಪೊರೆ. ಗಿಳಿ ಬದುಕಿತು. ಆದರೆ ಇನ್ನೊಂದು ಸಲಕ್ಕೆ ಬದುಕುವುದಿಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ಪಂಜರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪೇಟೆಯ ಹಕ್ಕಿ ಅಂಗಡಿಗೆ ಓಡಿದಳು.

ಅಂಗಡಿಯವನು ಗಿಳಿಯನ್ನು ನೋಡಿದ, ಅವಳ ಮಾತನ್ನೆಲ್ಲ ಕೇಳಿದ. "ಇಟ್ಟ ಮೊಟ್ಟೆ ಏನ್ ಮಾಡ್ತೀಯವ್ವ?" ಎಂದ.

"ತೆಗೆದು ಬಿಸಾಕ್ತೀನಿ ಕಣಪ್ಪ. ಮರಿಯಾಗದ ಮೊಟ್ಟೆ, ಅದರ ಮೇಲೆ ಯಾಕೆ ಸುಮ್ನೆ ಕೂತು ಸಾಯ್ಬೇಕು?"

"ನೀನು ತೆಗೀತಿರೋದಕ್ಕೇ ಅದು ಇಡ್ತಿರೋದು. ನಾಲ್ಕೋ ಐದೋ ಕೂಡಿದ್ರೆ ಇಡೋದು ನಿಲ್ಸಿ ಕಾವಿಗೆ ಕೂರುತ್ತೆ. ಕೂಡೋಕೆ ನೀನು ಬಿಟ್ಟಿದ್ರೆ ತಾನೇ! ಮೇಲಿಂದ ಬಲ್ಬು ಬೇರೆ. ಬೆಳಕು, ಬಿಸಿ ಆರದೆ ಇದ್ರೆ, ಹೊಟ್ಟೆ ತುಂಬ ಮೆತ್ತಗಿನ ತಿಂಡಿ ಇದ್ರೆ, ಗೂಡಿದ್ರೆ, ಮರಿ ಮಾಡೋ ಕಾಲ ಇದೇ ಅಂತ ಅದು ತಿಳ್ಕೊಳ್ಳುತ್ತೆ. ನೀನು ಬೆನ್ನು ನೀವ್ತೀಯಲ್ಲ, ಗಂಡುಹಕ್ಕಿ ಬಂತು ಅಂದ್ಕೊಂಡಿದೆ."

ಸೂಲಗಿತ್ತಿಯ ಮುಖ ಕೆಂಪಾಯಿತು. ಅಂಗಡಿಯವನು ಸುಣ್ಣದಲ್ಲಿ ಮಾಡಿದ ನಾಲ್ಕು ಸುಳ್ಳು ಮೊಟ್ಟೆಗಳನ್ನೂ ಕೊಕ್ಕಿನಿಂದ ಕೆರೆದು ತಿನ್ನಲು ಸಮುದ್ರನೊರೆ ಅನ್ನುವ ಕಡಲಜೀವಿಯ ಬಿಳಿ ಎಲುಬಿನ ಒಂದು ತುಂಡನ್ನೂ ಕೊಟ್ಟ. ಮೊಟ್ಟೆಗಳನ್ನು ಚಿಪ್ಪಿನಲ್ಲಿಟ್ಟು ಮರೆತುಬಿಡು ಎಂದ. ಒಣ ನವಣೆ ಮಾತ್ರ ಹಾಕು, ಬಲ್ಬು ಹಚ್ಚಬೇಡ, ಬೆನ್ನು ಮುಟ್ಟಬೇಡ, ಹೊತ್ತು ಮುಳುಗುತ್ತಲೂ ಪಂಜರಕ್ಕೆ ದಟ್ಟ ಬಟ್ಟೆ ಹೊದಿಸು, ಹೊತ್ತೇರಿದ ಮೇಲೆ ತೆಗೆ ಎಂದ. ಗಿಳಿ ತಾನಾಗಿಯೇ ಎದ್ದು ಹೋದ ಮೇಲೆ ಚಿಪ್ಪನ್ನೂ ತೆಗೆದುಬಿಡು ಎಂದ. ಬೆಳಿಗ್ಗೆ ಬಿಸಿಯೇ ಜೀವ ಉಳಿಸಿತು, ಈಗ ನೋಡಿದರೆ ಬಿಸಿಯೇ ಜೀವ ತಿಂದಿತು ಅನ್ನುತ್ತೀಯಲ್ಲ ಎಂದು ಅವಳು ಜಗಳಕ್ಕೆ ನಿಂತಳು. ಎರಡೂ ನಿಜ ಎಂದು ಹೇಳಿ ಅವನು ಬೇರೆ ಗಿರಾಕಿಯ ಕಡೆ ತಿರುಗಿದ.

ದಾರಿಯುದ್ದಕ್ಕೂ ಅವಳ ತಲೆ ಕೆಟ್ಟು ಗೊಬ್ಬರವಾಯಿತು. ತಾಯಿಗೆ ಸುಳ್ಳು ಮೊಟ್ಟೆ ಕೊಟ್ಟು ಮೋಸ ಮಾಡಬೇಕಂತೆ. ಹಸಿ ಬಾಣಂತಿಯನ್ನು ಕತ್ತಲಲ್ಲಿ ಕೂಡಿ ಒಣ ಕಾಳು ಹಾಕಬೇಕಂತೆ. ಮುಟ್ಟಬಾರದಂತೆ. ಇದು ಆರೈಕೆಯಾದರೆ ಹಿಂಸೆ ಎಂದರೆ ಏನು ಎಂದು ಅವಳಿಗೆ ತಿಳಿಯಲಿಲ್ಲ. ಆದರೂ ಮನೆಗೆ ಹೋಗಿ ಅವನು ಹೇಳಿದಂತೆಯೇ ಮಾಡಿದಳು. ಗಿಳಿ ಸುಳ್ಳು ಮೊಟ್ಟೆಗಳನ್ನು ಕೊಕ್ಕಿನಿಂದ ಒಂದೊಂದಾಗಿ ಹೊಟ್ಟೆಯಡಿಗೆ ಎಳೆದುಕೊಂಡು ಕೂತಿತು. ಸಂಜೆ ಬಟ್ಟೆ ಹೊದಿಸಿದಾಗ ಒಳಗಿಂದ ಕಿರುಚಿತು. ಸೊಸೆಯನ್ನು ಉಪವಾಸ ಕೆಡವುವ ಪಾಪಿ ಅತ್ತೆ ತಾನೇ ಎಂದು ಅವಳು ಅತ್ತಳು.

ನಾಲ್ಕು ದಿನ ತಡೆದಳು. ಐದನೆಯ ದಿನ ಕೈ ಕೇಳಲಿಲ್ಲ. ಒಂದಿಷ್ಟು ಬಿಸಿ ಕೊಟ್ಟರೆ ಏನಾದೀತು ಎಂದು ಬಲ್ಬು ಹಚ್ಚಿದಳು. ನೆನೆಸಿದ ನವಣೆ ಇಟ್ಟಳು. ಕೂತು ಕೂತು ದಣಿದಿದೆ ಎಂದು ಎರಡು ಮೊಟ್ಟೆಗಳನ್ನು ಹೊರತೆಗೆದಳು. ಬೆನ್ನನ್ನೂ ಸ್ವಲ್ಪ ನೀವಿದಳು. ವಾರ ತುಂಬುವುದರೊಳಗೆ ಚಿಪ್ಪಿನಲ್ಲಿ ಹೊಸ ಮೊಟ್ಟೆ ಬಿದ್ದಿತ್ತು. ಮೊಟ್ಟೆಯ ಸಿಪ್ಪೆ ಒಂದು ಕಡೆ ಬಿರುಕು ಬಿಟ್ಟಿತ್ತು. ಗಿಳಿಗೆ ಎರಡು ದಿನ ಕಾಲೂರಿ ನಿಲ್ಲಲಾಗಲಿಲ್ಲ.

ಅವತ್ತು ಅವಳು ಅಂಗಡಿಯವನನ್ನು ಬೈಯಲಿಲ್ಲ. ಬಲ್ಬನ್ನು ಬಿಚ್ಚಿ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಳು. ತೆಗೆದ ಮೊಟ್ಟೆಗಳನ್ನು ಮರಳಿ ಚಿಪ್ಪಿನಲ್ಲಿಟ್ಟಳು. ಆಮೇಲೆ ಪಂಜರದ ಮುಂದೆ ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು. ಅವಳ ಬದುಕಿನಲ್ಲಿ ಅಷ್ಟು ಕಷ್ಟದ ಬಾಣಂತನ ಇನ್ನೊಂದಿರಲಿಲ್ಲ.

ಗಿಳಿ ಕೂತಿತು. ಹತ್ತು ದಿನ ಕೂತಿತು, ಹದಿನೈದು ದಿನ ಕೂತಿತು. ಸುಣ್ಣದ ಉಂಡೆಗಳನ್ನು ಅದು ಮಗುಚಿ ಹಾಕುವುದನ್ನೂ, ಕಿವಿಗೊಟ್ಟು ಆಲಿಸುವುದನ್ನೂ ಅವಳು ನೋಡಿದಳು. ಇವು ಸುಳ್ಳು ಎಂದು ಹೇಳಿಬಿಡೋಣ ಅನ್ನಿಸುತ್ತಿತ್ತು. ಹೇಳುವುದು ಹೇಗೆ? ಹೊಸ ಮೊಟ್ಟೆ ಮಾತ್ರ ಬರಲಿಲ್ಲ. ಗಿಳಿ ನಡುನಡುವೆ ಇಳಿದು ಬಂದು ಸಮುದ್ರನೊರೆಯನ್ನು ಕೆರೆದು ತಿಂದು ಹೋಗುತ್ತಿತ್ತು. ಜೋತುಬಿದ್ದ ಬಾಲ ನಿಧಾನವಾಗಿ ನೆಟ್ಟಗಾಯಿತು.

ಇಪ್ಪತ್ತೆರಡನೆಯ ದಿನ ಅವಳು ಬಟ್ಟೆ ಸರಿಸಿದಾಗ ಗಿಳಿ ಚಿಪ್ಪಿನಲ್ಲಿರಲಿಲ್ಲ. ಮೇಲಿನ ಕೋಲಿನ ಮೇಲೆ ಕೂತು ರೆಕ್ಕೆ ನೇವರಿಸಿಕೊಳ್ಳುತ್ತಿತ್ತು. ಅವಳು ಹೆದರುತ್ತಾ ಒಂದು ಮೊಟ್ಟೆ ತೆಗೆದಳು. ಗಿಳಿ ತಿರುಗಿ ನೋಡಲಿಲ್ಲ. ಎಲ್ಲವನ್ನೂ ತೆಗೆದಳು, ಚಿಪ್ಪನ್ನೂ ತೆಗೆದಳು. ಗಿಳಿ ಕೆಳಗಿಳಿದು ಒಣ ನವಣೆಯನ್ನು ಕಟಕಟನೆ ತಿಂದಿತು. ಆಮೇಲೆ ಅದು ಮೊಟ್ಟೆ ಇಡಲಿಲ್ಲ. ಸೂಲಗಿತ್ತಿಗೆ ಸಂತೋಷವಾಯಿತು. ಅಷ್ಟೇ ಅವಮಾನವೂ ಆಯಿತು. ಇಪ್ಪತ್ತೆರಡು ದಿನ ತಾನು ಏನನ್ನೂ ಮಾಡಿರಲಿಲ್ಲ, ಜೀವ ಉಳಿದದ್ದು ಆಗಲೇ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಸೋಮಲಿಂಗನಿಗೆ ಏನೋ ತಿಳಿದಂತಾಯಿತು, ಮರುಗಳಿಗೆಯಲ್ಲೇ ಜಾರಿಹೋಯಿತು. ಗಿಳಿಯ ಕತೆಗೂ ತನಗೂ ಏನು ಸಂಬಂಧ? ಸೂಲಗಿತ್ತಿ ಪಾಪ, ಕೆಟ್ಟದ್ದೇನೂ ಬಯಸಿರಲಿಲ್ಲ. ಆ ಬೆಳಿಗ್ಗೆ ಅವಳು ಕೊಟ್ಟ ಹಬೆ ಸರಿಯಾದರೆ, ಬಲ್ಬು ಹೇಗೆ ತಪ್ಪಾಯಿತು? ಯೋಚಿಸಿದಷ್ಟೂ ತಲೆ ಇನ್ನಷ್ಟು ಗೋಜಲಾಯಿತು. ಆರು ವರ್ಷದ ಅಭ್ಯಾಸ ಸುಮ್ಮನಿರಲು ಬಿಡಲಿಲ್ಲ. ಅವನು ತಲೆಯೆತ್ತಿದ.

"ಗುರುಗಳೇ, ಹಾಗಾದರೆ ಯಾವಾಗ ಕೈ ಹಾಕಬೇಕು, ಯಾವಾಗ ಬಿಡಬೇಕು ಎಂದು ಅವಳು ತಿಳಿಯುವುದು ಹೇಗೆ?"

ಗುರುಗಳು ಉತ್ತರಿಸಲು ಬಾಯಿ ತೆರೆದರು. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದರು. ಅವರ ಮುಖದಲ್ಲಿ ನಾಚಿಕೆಯಂಥದ್ದೊಂದು ಸುಳಿದುದನ್ನು ಸೋಮಲಿಂಗ ಅವತ್ತೇ ಮೊದಲ ಸಲ ಕಂಡ.

"ಇಷ್ಟು ವರ್ಷ ನಿನ್ನ ಒಂದೊಂದು ಸಂದೇಹವನ್ನೂ ನಾನು ತೆಗೆದುಕೊಂಡದ್ದೇ ತಪ್ಪು ಮಗು, ಇದು ನಿನ್ನ ಹತ್ತಿರವೇ ಇರಲಿ" ಎಂದರು ಗುರುಗಳು.

ಅವತ್ತು ಸಂಜೆಯಾದರೂ ಸೋಮಲಿಂಗನಿಗೆ ಇನ್ನೊಂದು ಸಂದೇಹ ಬರಲಿಲ್ಲ.