ಹೊಸ ಆಟಗಾರನ ಬೂಟಿನ ಅಳತೆ

ಬೆಂಗಳೂರಿನ ಒಂದು ಫುಟ್‌ಬಾಲ್ ಕ್ಲಬ್ಬಿನಲ್ಲಿ ಸೆಲೀನಮ್ಮ ಆಟಗಾರರ ಬಟ್ಟೆ, ಬೂಟು ನೋಡಿಕೊಳ್ಳುತ್ತಿದ್ದಳು. ಈ ಬೇಸಿಗೆಯಲ್ಲಿ ಮಾಲೀಕ ಕೆಲಸದವರ ಸಂಬಳವನ್ನು ಅರ್ಧಕ್ಕಿಳಿಸಿದ.

"ವಿದೇಶದಿಂದ ದೊಡ್ಡ ಆಟಗಾರ ಬರ್ತಿದ್ದಾನೆ. ಅವನಿಗೆ ವಾರಕ್ಕೆ ಹತ್ತು ಲಕ್ಷ ಕೊಡಬೇಕು. ನೀವೂ ಸ್ವಲ್ಪ ತ್ಯಾಗ ಮಾಡಿ."

ಸುದ್ದಿ ಹಬ್ಬಿತು. ಟಿಕೆಟ್ಟಿಗೆ ಜನ ಮುಗಿಬಿದ್ದರು. ಸೆಲೀನಮ್ಮನ ಮಕ್ಕಳು ರಾತ್ರಿ ಬರೀ ಗಂಜಿ ಕುಡಿದರು.

ಯಾವ ಆಟಗಾರ ಸೇರಿದರೂ ಮೊದಲು ಅವನ ಅಳತೆ ಸೆಲೀನಮ್ಮನ ಕೈಗೆ ಬರಬೇಕು. ಮೂರು ವಾರವಾದರೂ ಇವನದು ಬರಲಿಲ್ಲ. ಅವಳಿಗೆ ಅರ್ಥವಾಯಿತು.

ಮಾಲೀಕ ಪತ್ರಕರ್ತರ ಮುಂದೆ ಬೀಗುತ್ತಾ ಕೂತಿದ್ದಾಗ ಒಳಗೆ ನುಗ್ಗಿದಳು.

"ಸಾರ್, ಹೊಸಬರ ಬೂಟಿನ ಅಳತೆ ಹೇಳಿ. ಅಂಗಡಿಯವನು ಕಾಯ್ತಿದ್ದಾನೆ."

"ಆಮೇಲೆ ಬಾರಮ್ಮ!"

"ಒಂದು ಫೋನ್ ಮಾಡಿ ಕೇಳಿಬಿಡಿ ಸಾರ್," ಎಂದ ಒಬ್ಬ ಪತ್ರಕರ್ತ. "ನಾವೂ ಅವರ ದನಿ ಕೇಳ್ತೀವಿ."

ಮಾಲೀಕನ ಬಳಿ ಆಟಗಾರನ ನಂಬರೇ ಇರಲಿಲ್ಲ. ಬೆವರು ಒರೆಸಿಕೊಂಡ. "ಮಾತುಕತೆ ಇನ್ನೂ ಶುರುವಾಗಬೇಕು..."

"ಹಾಗಾದ್ರೆ ನಮ್ಮ ಅರ್ಧ ಸಂಬಳ ಯಾರು ತಿಂತಿದ್ದಾರೆ ಸಾರ್?"

ಕ್ಯಾಮೆರಾಗಳೆಲ್ಲ ಮಾಲೀಕನ ಮುಖಕ್ಕೆ ತಿರುಗಿದವು. ಸಂಜೆಯೊಳಗೆ ಕೆಲಸದವರೆಲ್ಲರ ಸಂಬಳದ ಹಣ ವಾಪಸ್ಸು ಬಂತು.

"ಏನೋ ಸಣ್ಣ ತಪ್ಪಾಗಿತ್ತು," ಎಂದ ಮಾಲೀಕ.

ಸೆಲೀನಮ್ಮ ನೋಟು ಎಣಿಸುತ್ತಲೇ ಕೇಳಿದಳು: "ನಿಮ್ಮ ತಪ್ಪೆಲ್ಲ ನಮ್ಮ ತಟ್ಟೇಲೇ ಯಾಕೆ ಸಾರ್ ಆಗೋದು?"