ದ್ಯಾಮಣ್ಣ ಕಂಪ್ಯೂಟರ್ ತಂದದ್ದು

ಹೊನ್ನವ್ವನಿಗೆ ಒಬ್ಬನೇ ಮಗ, ದ್ಯಾಮಣ್ಣ. ಆ ಒಬ್ಬನೇ ಅವಳಿಗೆ ಸಾಕುಸಾಕಾಗಿದ್ದ. ಹೇಳಿದ್ದನ್ನು ಹೇಳಿದಂತೆಯೇ ಮಾಡುತ್ತಿದ್ದ, ಅದೇ ತೊಂದರೆ.

ಹೊನ್ನವ್ವ ಊರಿನ ಮಹಿಳಾ ಸಂಘ ನಡೆಸುತ್ತಿದ್ದಳು. ಹುಡುಗಿಯರಿಗೆ ಕಂಪ್ಯೂಟರ್ ಕಲಿಸಲು ಪಂಚಾಯಿತಿಯಿಂದ ಒಂದು ಕೋಣೆ ಬೇಡಿ ಪಡೆದಿದ್ದಳು. ಸೋಮವಾರ ತರಗತಿ ಶುರುವಾಗದಿದ್ದರೆ ಕೋಣೆ ವಾಪಸ್. ಸಂಘದ ಹಣ ಎರಡು ಹಳೆಯ ಕಂಪ್ಯೂಟರಿಗಷ್ಟೇ ಸಾಲುತ್ತಿತ್ತು. ಅವಳಿಗೋ ಮೊಣಕಾಲು ನೋವು. ಮಗನನ್ನೇ ಪೇಟೆಗೆ ಕಳಿಸಿದಳು.

“ದಸ್ತಗೀರಣ್ಣನ ಕಂಪ್ಯೂಟರ್ ಅಂಗಡಿಗೆ ಹೋಗು. ಎಲ್ಲಕ್ಕಿಂತ ಅಗ್ಗದ್ದು ತಗೊಂಡು ಬಾ.”

ಹೋದ. ಕೇಳಿದ. ತಂದ. ನೋಡಿದರೆ ಬರೀ ರಟ್ಟಿನ ಡಬ್ಬಿ! ದೊಡ್ಡದು, ಖಾಲಿ.

“ಏನಲೇ ಇದು?”

“ಅಂಗಡ್ಯಾಗ ಎಲ್ಲಕ್ಕಿಂತ ಅಗ್ಗದ್ದು ಇದ ಬೇ!”

“ಅಯ್ಯೋ ನನ್ನ ಕರ್ಮ! ಒಳಗ ಏನೈತಿ ಅಂತ ಬಿಚ್ಚಿ ನೋಡಿ ತರಬೇಕೋ!”

“ಹೂಂ ಬೇ. ಹಂಗ ಮಾಡ್ತೀನಿ.”

ಮರುದಿನ ಹೋದ. ಒಂದು ಕಂಪ್ಯೂಟರ್ ಕೊಂಡ. ಅಂಗಡಿ ಕಟ್ಟೆಯ ಮೇಲೆ ಕೂತು ಬಿಚ್ಚಿದ. ಒಳಗೆ ಫ್ಯಾನು ಕಂಡಿತು; ಅದನ್ನೂ ಬಿಚ್ಚಿದ. ಫ್ಯಾನಿನ ಹಿಂದೆ ಇನ್ನೇನೋ ಕಂಡಿತು, ಅದನ್ನೂ ಬಿಚ್ಚಿದ. ಬಿಚ್ಚಲು ಏನೂ ಉಳಿಯದಾದಾಗ ಗೋಣಿಚೀಲಕ್ಕೆ ತುಂಬಿ ತಂದು ಅವ್ವನ ಮುಂದೆ ಸುರಿದ.

“ಎಲ್ಲಾ ನೋಡೀನಿ ಬೇ! ಒಂದೂ ಬಿಟ್ಟಿಲ್ಲ!”

ಹೊನ್ನವ್ವ ಹಣೆ ಚಚ್ಚಿಕೊಂಡಳು. “ಬಿಚ್ಚಬ್ಯಾಡೋ ಮಾರಾಯಾ! ಹಚ್ಚಿ ನೋಡು. ಹತ್ತಿತು ಅಂದ್ರ ಹ್ಯಾಂಗ ಐತಿ ಹಂಗ ಎತ್ತಿಸ್ಕೊಂಡು ಬಾ!”

“ಹೂಂ ಬೇ. ಹಂಗ ಮಾಡ್ತೀನಿ.”

ಶನಿವಾರ ಹೋದ. ಅಂಗಡಿಯಲ್ಲಿ ಒಂದು ಕಂಪ್ಯೂಟರ್ ಹತ್ತಿಕೊಂಡೇ ಇತ್ತು. ಅದರ ಮುಂದೆ ದಸ್ತಗೀರಣ್ಣ ಚಹಾ ಕುಡಿಯುತ್ತ ಕೂತಿದ್ದ. ದ್ಯಾಮಣ್ಣ ಹಣ ಕೊಟ್ಟ. ನಾಲ್ವರು ಹಮಾಲರನ್ನು ಕರೆದ.

“ಅಣ್ಣಾ, ಏಳಬ್ಯಾಡ್ರಿ! ಅಲ್ಲಾಡಬ್ಯಾಡ್ರಿ!”

“ಏ ಇಳಸ್ರೋ! ಇಳಸ್ರೋ ನನ್ನ!”

ಎಲ್ಲವನ್ನೂ ಹೇರಿಕೊಂಡ ಟಂಟಂ ಆಟೋ ಸಂಘದ ಮುಂದೆ ನಿಂತಿತು. ಕಂಪ್ಯೂಟರ್ ಇಳಿಯಿತು. ಮೇಜು ಇಳಿಯಿತು. ಕುರ್ಚಿ ಇಳಿಯಿತು. ಕುರ್ಚಿಯಲ್ಲಿ ಲೋಟ ಹಿಡಿದ ದಸ್ತಗೀರಣ್ಣನೂ ಇಳಿದ.

“ಹ್ಯಾಂಗ ಇತ್ತೋ ಹಂಗ ತಂದೀನಿ ಬೇ!”

ಹೊನ್ನವ್ವ ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ದಸ್ತಗೀರಣ್ಣ ಬೈಯಲು ಬಾಯಿ ತೆರೆದ. ಮೂಲೆಯಲ್ಲಿ ಬಿಚ್ಚಿದ ಭಾಗಗಳನ್ನು ತುಂಬಿಟ್ಟ ಗೋಣಿಚೀಲ ಕಂಡಿತು. ಹೊಟ್ಟೆ ಹಿಡಿದು ನಕ್ಕ. ನಕ್ಕು ಕೂತು, ಚೀಲದಲ್ಲಿದ್ದದ್ದನ್ನು ಒಂದೊಂದಾಗಿ ಜೋಡಿಸಿದ. ಸಂಜೆಯೊಳಗೆ ಎರಡೂ ಕಂಪ್ಯೂಟರ್ ಬೆಳಗಿದವು!

ಹೊರಡುವಾಗ ಹೇಳಿದ: “ಮುಂದ ಏನಾರ ಉಪಯೋಗಕ್ಕ ಬಾರದಂಗ ಆದ್ರ, ಡಬ್ಬ್ಯಾಗ ಹಾಕಿ, ಬಿಲ್ ಅಂಟಿಸಿ ಕಳಸ್ರಿ ಅಕ್ಕಾ. ಬದಲಿ ಕೊಡ್ತೀನಿ.”

ದ್ಯಾಮಣ್ಣ ಅದನ್ನು ಎರಡೂ ಕಿವಿಯಿಂದ ಕೇಳಿಸಿಕೊಂಡ.

ಸೋಮವಾರ ಕೋಣೆ ತುಂಬ ಹುಡುಗಿಯರು. ಟಕಟಕ, ಕಿಲಕಿಲ. ದ್ಯಾಮಣ್ಣನೂ ಹಿಗ್ಗಿ ಕುಣಿದ. ಕುಣಿಯುತ್ತ ವೈರು ಎಡವಿದ. ಎರಡೂ ಆರಿದವು.

“ಉಪಯೋಗಕ್ಕ ಬಾರದವನ!” ಎಂದು ಹೊನ್ನವ್ವ ಚೀರಿದಳು.

ವೈರು ಸಿಕ್ಕಿಸಿದರು, ಎರಡೂ ಮತ್ತೆ ಹತ್ತಿದವು. ಹೊನ್ನವ್ವ ನಗುತ್ತ ತಿರುಗಿದಳು. ಮಗನಿಲ್ಲ. ರಟ್ಟಿನ ಡಬ್ಬಿಯೂ ಇಲ್ಲ.

ಅತ್ತ ದಸ್ತಗೀರಣ್ಣನ ಅಂಗಡಿ ಮುಂದೆ ಟಂಟಂನಿಂದ ಡಬ್ಬಿ ಇಳಿಯಿತು. ಒಳಗೆ ದ್ಯಾಮಣ್ಣ ಕುಕ್ಕರುಗಾಲಲ್ಲಿ ಕೂತಿದ್ದ. ಹಣೆಗೆ ಬಿಲ್ ಅಂಟಿಸಿಕೊಂಡಿದ್ದ.

“ನಾ ಉಪಯೋಗಕ್ಕ ಬಾರದವ ಅಂತ್ರಿ ಅಣ್ಣಾ. ಬದಲಿ ಕೊಡ್ರಿ.”

ದಸ್ತಗೀರಣ್ಣ ನಗು ತಡೆದುಕೊಂಡು ಸ್ಕ್ರೂಡ್ರೈವರ್ ಎತ್ತಿದ. “ತಡಿ, ತಲ್ಯಾಗ ಏನ್ ಕೆಟ್ಟೈತಿ ಬಿಚ್ಚಿ ನೋಡೂಣು.”

“ಬ್ಯಾಡ್ರಿ ಅಣ್ಣಾ! ಬಿಚ್ಚಿದ್ರ ಅವ್ವ ಬೈತಾಳ!”